ಲಾಭ, ಎರಡು, ಮೂರು

ನಮ್ಮ ಅಡುಗೆಮನೆಯ ಬಾಗಿಲ ಹಿಂದೆ, ಪೊರಕೆಗೂ ಜೋಳದ ಮೂಟೆಗೂ ನಡುವೆ, ಒಂದು ಕಬ್ಬಿಣದ ಪಡಿ ಕೂತಿದೆ. ಕಾಳು ಅಳೆಯುವ ಆ ಪಾತ್ರೆಗೆ ನನಗಿಂತ ವಯಸ್ಸು ಹೆಚ್ಚು, ಮನೆಯಲ್ಲಿ ಮರ್ಯಾದೆಯೂ ಹೆಚ್ಚು. ಅದರ ಹೊಟ್ಟೆಯ ಒಂದು ಬದಿ ತುಸು ಒಳಗೆ ಸರಿದಿದೆ. ನಾಲ್ಕು ವರ್ಷದವನಿದ್ದಾಗ ನಾನು ಮದುವೆಮನೆಯ ತವಿಲ್ ಡೋಲಿನ ವಾದಕನನ್ನು ಅಣಕಿಸಲು ಅದನ್ನು ತೊಡೆಯ ಮೇಲಿಟ್ಟುಕೊಂಡು ಗುಂಡುಕಲ್ಲಿನಿಂದ ಬಾರಿಸಿದ್ದರ ಗುರುತು ಅದು. ಅಂದಿನಿಂದ ಪಡಿ ಒಂದು ಚಿಟಿಕೆಯಷ್ಟು ಕಡಿಮೆ ಹಿಡಿಯುತ್ತದೆ, ಬಾರಿಸಿದವನ ತಲೆ ಅದಕ್ಕಿಂತಲೂ ಕಡಿಮೆ ಹಿಡಿಯುತ್ತದೆ ಎಂದು ನನ್ನ ತಂಗಿ ಮಂಜು ಮನೆಗೆ ಬಂದವರಿಗೆಲ್ಲ ಹೇಳುತ್ತಾಳೆ. ಆದ್ದರಿಂದ, ಓದುವ ಗೆಳೆಯರೆ, ಬೀಜಗಣಿತದ ಬಗ್ಗೆ ಬರೆಯಲು ಕೂತವನು ಪಡಿಯಿಂದ ಶುರುಮಾಡಿದನಲ್ಲ ಎಂದು ಬೇಸರಿಸಬೇಡಿ. ನನ್ನ ಪಾಲಿಗೆ ಅವೆರಡೂ ಒಂದೇ ಮೂಟೆಯಿಂದ ಬಂದವು.

ಆ ಪಡಿಯ ಒಡತಿ ನಮ್ಮ ದೊಡ್ಡವ್ವ, ಅಂದರೆ ಅಪ್ಪನ ತಾಯಿ. ತಮಿಳುನಾಡಿನ ಆಂಡಿಪಟ್ಟಿಯ ಪಕ್ಕದ ನಮ್ಮೂರಿನಲ್ಲಿ ಕಾಳು ಅಳೆಯುವುದಕ್ಕೆ ಒಂದು ಕ್ರಮವಿದೆ. ದೊಡ್ಡವ್ವ ಜಗುಲಿಯ ಮೇಲೆ ಒಂದು ಕಾಲು ಚಾಚಿ, ಒಂದು ಕಾಲು ಮಡಚಿ ಕೂತು, ಪಡಿಯನ್ನು ಮೂಟೆಯೊಳಗೆ ಅದ್ದಿ, ಗೋಪುರ ಬರುವಷ್ಟು ತುಂಬಿ, ಚಾಪೆಯ ಮೇಲೆ ಸುರಿಯುವಾಗ ‘ಒಂದು’ ಎನ್ನುವುದಿಲ್ಲ. ‘ಲಾಭ’ ಎನ್ನುತ್ತಾಳೆ. ಆಮೇಲೆ ಎರಡು, ಮೂರು, ನಾಲ್ಕು ಎಲ್ಲ ಲೋಕಕ್ಕೆ ಗೊತ್ತಿರುವ ಹಾಗೆಯೇ ಬರುತ್ತವೆ. ಒಂದು ಎಂಬುದು ಒಂಟಿ ಮಾತು, ಕಾಳಿನ ಮುಖದೆದುರು ಅದನ್ನು ಆಡಬಾರದು ಎಂಬುದು ಅವಳಿಗೆ ಅವಳ ಅತ್ತೆಯಿಂದ ಬಂದ ನಂಬಿಕೆ.

ಚಿಕ್ಕವನಿದ್ದಾಗ ನನ್ನ ಕೆಲಸ ಪಡಿಗೊಂದು ಹುಣಿಸೆಯ ಕೊಟ್ಟೆ, ಅಂದರೆ ಬೀಜ, ಪಕ್ಕಕ್ಕೆ ಇಡುವುದು. ಮೊದಲ ದಿನವೇ ಲೆಕ್ಕ ತಪ್ಪಿತು. ಅವಳು ಹತ್ತು ಎಂದು ನಿಲ್ಲಿಸಿದಾಗ ನನ್ನ ಮುಂದೆ ಒಂಬತ್ತೇ ಕೊಟ್ಟೆ ಇದ್ದವು.

“ಲಾಬಕ್ಕ ಕೊಟ್ಟೆ ಯಾಕ್ಡಾ ಹಾಕ್ಲಿಲ್ಲ?” ಎಂದಳು.

“ಅದು ನಂಬರ್ ಇಲ್ಲ ದೊಡ್ಡವ್ವ.”

“ನಂಬರ್ ಇಲ್ದಿದ್ರೆ ಏನು, ಜೋಳ ಐತಲ್ಲಡಾ ಅಲ್ಲಿ.”

ನಾನು ಒಪ್ಪಲಿಲ್ಲ. ಹೆಸರೇ ಇಲ್ಲದ್ದಕ್ಕೆ ಬೀಜ ಯಾಕೆ ಎಂದು ಅತ್ತು, ಒಂಬತ್ತನ್ನೇ ಗಟ್ಟಿಯಾಗಿ ಹಿಡಿದುಕೊಂಡೆ. ಆ ಹಟ ನನ್ನೊಳಗೆ ಎಲ್ಲೋ ಕೂತು, ಹನ್ನೆರಡು ವರ್ಷ ನಿದ್ದೆ ಮಾಡಿ, ದಿಂಡಿಗಲ್ಲಿನ ಒಂದು ಕಾಲೇಜಿನಲ್ಲಿ ಎದ್ದು ಮೈಮುರಿಯಿತು.

ಅದನ್ನು ಹೇಳುವ ಮೊದಲು ನನ್ನ ಕಸುಬು ಹೇಳಬೇಕು. ನಾನು ಅಣಕಿಸುವವನು. ತೇನಿ ಬಸ್ ನಿಲ್ದಾಣದಲ್ಲಿ ಊರುಗಳ ಹೆಸರನ್ನು ಒಂದೇ ಉಸಿರಲ್ಲಿ ನೂಲಿನ ಹಾಗೆ ಎಳೆಯುವ ಕಂಡಕ್ಟರ್, ಫೋನಿನಲ್ಲಿ ಮಾತಾಡುವಾಗ ಮಾತ್ರ ಶುದ್ಧ ತಮಿಳಿಗೆ ಏರುವ ಅಪ್ಪ, ಕನ್ನಡಿಯ ಮುಂದೆ ಸುದ್ದಿ ಓದುವ ಮಂಜು, ಎಲ್ಲರೂ ನನ್ನ ಗಂಟಲಿನಲ್ಲಿ ಬಾಡಿಗೆಗೆ ಇದ್ದಾರೆ. ದೊಡ್ಡವ್ವ ಮಾತ್ರ ಬರಲಿಲ್ಲ. ಅವಳ ಧ್ವನಿ ಕಷ್ಟವಲ್ಲ, ಭಾಷೆ ಕಷ್ಟ. ತಲೆಮಾರುಗಳಿಂದ ಮನೆಯೊಳಗೇ ಉಳಿದು, ಹೊರಗಿನ ಗಾಳಿಗೆ ಅರ್ಧ ತಮಿಳಾಗಿರುವ ಆ ಕನ್ನಡ ನನಗೆ ಪೂರ್ತಿ ಅರ್ಥವಾಗುತ್ತದೆ, ಆಡಲು ಹೋದರೆ ನಾಲಿಗೆ ಹೊಸಿಲಲ್ಲಿ ಚಪ್ಪಲಿ ಹುಡುಕುತ್ತದೆ. ಎಲ್ಲರೂ ತಾಯಿನುಡಿಯನ್ನು ಆಡುತ್ತಾರೆ. ನಾನು ಅದನ್ನೂ ಅಣಕಿಸುತ್ತೇನೆ, ಅದೂ ಕೆಟ್ಟದಾಗಿ. ಈ ಬರವಣಿಗೆಯ ಕನ್ನಡವನ್ನು ಆಮೇಲೆ ಮೊಬೈಲಿನಲ್ಲಿ ಅಕ್ಷರ ಅಕ್ಷರವಾಗಿ ಕಲಿತೆ. ಇದು ಯಾರ ಧ್ವನಿಯೋ ಅಣ್ಣ, ಯಾವ ವಾತ್ಯಾರದು, ಯಾವ ಮೇಷ್ಟರದು, ಎಂದು ಮಂಜು ಈಗಲೂ ಕೇಳುತ್ತಾಳೆ.

ಪ್ಲಸ್ ಟೂನಲ್ಲಿ ಗಣಿತ ತೆಗೆದುಕೊಳ್ಳದೆ ಕಂಪ್ಯೂಟರ್ ಡಿಗ್ರಿಗೆ ಬಂದ ನನ್ನಂಥವರಿಗೆ ನಮ್ಮ ಕಾಲೇಜಿನಲ್ಲಿ ಒಂದು ಸೇತುವೆ ಕಟ್ಟಿದ್ದರು. ಹೆಸರು ಇಂಟರ್‌ಮೀಡಿಯೆಟ್ ಆಲ್ಜೀಬ್ರಾ. ಆರಂಭದ್ದೂ ಅಲ್ಲ, ಮೇಲಿನದ್ದೂ ಅಲ್ಲ, ನಡುವಿನದು. ತೇನಿಗೂ ದಿಂಡಿಗಲ್ಲಿಗೂ ನಡುವೆ ವತ್ತಲಗುಂಡು ಇರುವ ಹಾಗೆ, ಇಳಿಯುವವರಿಲ್ಲದಿದ್ದರೂ ಬಸ್ಸು ನಿಂತೇ ಹೋಗಬೇಕು. ನಾನು ಅಲ್ಲಿ ಇಳಿದು ಅಲ್ಲೇ ಉಳಿದೆ. ಎರಡು ಸಲ ಪರೀಕ್ಷೆ ಬರೆದೆ, ಎರಡು ಸಲವೂ ಫೇಲಾಗಿ ಅರಿಯರ್ ಬಿತ್ತು. ಮೂರನೆಯದು ಕೊನೆಯ ಅವಕಾಶ. ಅದೂ ಹೋದರೆ ನನ್ನ ತರಗತಿಯವರ ಜೊತೆ ಮುಂದಿನ ವರ್ಷಕ್ಕೆ ಹತ್ತುವಂತಿಲ್ಲ. ಅಪ್ಪ ಜಾಸ್ತಿ ಮಾತಾಡಲಿಲ್ಲ. “ಇಲ್ದಿದ್ರೆ ಜೂನಿಂದ ಚಿಕ್ಕಪ್ಪನ ಪೈಪ್ ಕಡೆ ಕೂತ್ಕೋ. ಅಲ್ಲಿ ಎಕ್ಸು ಇಲ್ಲ, ಎಲ್ಲದಕ್ಕೂ ಇಂಚು ಐತೆ,” ಎಂದರು. ಚಿಕ್ಕಪ್ಪನ ಆ ಪೈಪ್ ಅಂಗಡಿಯಲ್ಲಿ ಕೂತು ಇಡೀ ಬದುಕನ್ನು ಮುಕ್ಕಾಲು ಇಂಚು, ಒಂದು ಇಂಚು ಎಂದು ಒಂದೇ ಧ್ವನಿಯಲ್ಲಿ ಕಳೆಯುವುದನ್ನು ನೆನೆದರೆ ನನ್ನ ಗಂಟಲಿನ ಬಾಡಿಗೆದಾರರೆಲ್ಲ ಒಟ್ಟಿಗೆ ಕೆಮ್ಮುತ್ತಿದ್ದರು.

ಪಾಠ ಮಾಡುತ್ತಿದ್ದವರು ಪೂಂಗೊಡಿ ಮೇಡಂ. ಕನ್ನಡಕವನ್ನು ಒಂದು ಕಡ್ಡಿ ಹಿಡಿದು ತಿರುಗಿಸುತ್ತ, ಅಕ್ಷರಗಳಿಗೆಲ್ಲ ಗೌರವ ಕೊಟ್ಟು ಮಾತಾಡುವವರು. “ಎಕ್ಸ್ ಅವರು ಆ ಕಡೆ ಹೋದರು, ಹೋಗುವಾಗ ಚಿಹ್ನೆ ಬದಲಾಯಿಸಿಕೊಂಡರು, ಈಗ ಈ ಕಡೆ ಯಾರು ಉಳಿದರು?” ಎಂದು ಬಂಧುಗಳ ಮನೆಯ ಸುದ್ದಿ ಹೇಳುವ ಹಾಗೆ ತಮಿಳಿನಲ್ಲಿ ಕೇಳುತ್ತಿದ್ದರು. ಸಮೀಕರಣವೆಂದರೆ ಬೀಗ, ಎಕ್ಸ್ ಎಂದರೆ ಕೀಲಿಕೈ ಎಂದು ಒಮ್ಮೆ ಹೋಲಿಸಿದರು. ದಿಂಡಿಗಲ್ಲಿನಲ್ಲಿ ಯಾವ ಹೋಲಿಕೆ ಹೊರಟರೂ ಬೀಗದಲ್ಲೋ ಬಿರಿಯಾನಿಯಲ್ಲೋ ಮುಗಿಯುತ್ತದೆ ಎಂದು ನಾನು ಪಕ್ಕದವನ ಕಿವಿಯಲ್ಲಿ ಅವರ ಧ್ವನಿಯಲ್ಲೇ ಹೇಳಿದೆ; ಆ ಊರು ಹೆಸರಾದದ್ದು ಅವೆರಡಕ್ಕೇ.

ಒಂದು ಮಧ್ಯಾಹ್ನ ಅವರು ಬರುವುದು ತಡವಾಯಿತು. ನಾನು ಬೋರ್ಡಿನ ಮುಂದೆ ನಿಂತು, ಪಕ್ಕದವನ ಕನ್ನಡಕ ಕಸಿದುಕೊಂಡು, ಪಾಠ ಶುರುಮಾಡಿದೆ. ವಿಚಿತ್ರವೆಂದರೆ ಅವರ ಧ್ವನಿ ಬಂದ ಕೂಡಲೇ ಗಣಿತವೂ ಹಿಂದೆಯೇ ಬಂತು. ನನ್ನ ಬೆಂಚಿನಲ್ಲಿ ಕೂತಾಗ ಇಲಿಗಳ ಹಾಗೆ ಚದುರುತ್ತಿದ್ದ ಪದಗಳು ಅವರ ಧ್ವನಿ ಕೇಳಿ ಸಾಲಾಗಿ ನಿಂತವು. ಎಕ್ಸ್ ಅವರನ್ನು ಆ ಕಡೆಗೆ ಕಳಿಸಿದೆ, ಎಂಟು ಅವರನ್ನು ಈ ಕಡೆಗೆ ಕರೆಸಿದೆ, ಇಡೀ ತರಗತಿ ನಗುತ್ತಿತ್ತು. ಕೊನೆಯ ಸಾಲಿನಲ್ಲಿ ನಾಲ್ಕು ಎಕ್ಸಿಗೆ ಎಕ್ಸನ್ನು ಕೂಡಿಸಿ ನಾಲ್ಕು ಎಕ್ಸ್ ಎಂದೇ ಬರೆದು ತಿರುಗಿದೆ. ನಗು ನಿಂತಿತ್ತು. ಮೇಡಂ ಬಾಗಿಲಿಗೆ ಒರಗಿ ನಿಂತಿದ್ದರು, ಎಷ್ಟು ಹೊತ್ತಿನಿಂದಲೋ.

“ಧ್ವನಿ ಸರಿಯಾಗಿದೆ,” ಎಂದರು. “ಕೊನೆಯ ಸಾಲು ತಪ್ಪು. ನೋಡು ತಂಬಿ, ನನ್ನ ಧ್ವನಿಯಲ್ಲಿ ತಪ್ಪು ಮಾಡಬೇಡ. ತಪ್ಪು ಮಾಡಬೇಕು ಅನ್ನಿಸಿದರೆ ನಿನ್ನ ಧ್ವನಿಯಲ್ಲಿ ಮಾಡು.”

“ನಂದು ಯಾವುದು ಮೇಡಂ?” ಎಂದು ನಾನು ತಮಾಷೆಗೆ ಕೇಳಿದೆ.

ಅವರು ನಗಲಿಲ್ಲ. “ಅದನ್ನು ನೀನು ಬಿಡಿಸು,” ಎಂದು ಚಾಕ್‌ಪೀಸು ತೆಗೆದುಕೊಂಡರು.

ಆ ಶನಿವಾರ ಊರಿಗೆ ಹೋಗುವ ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ಅದನ್ನೇ ಯೋಚಿಸುತ್ತ ಕೂತಿದ್ದೆ. ಪೆರಿಯಕುಳಂ ದಾಟುವಾಗ ಮಾವಿನ ತೋಪುಗಳು ಅರೆನಿದ್ದೆಯಲ್ಲಿ ತೇಲಿಹೋದವು. ತೇನಿಯಲ್ಲಿ ಬಸ್ಸು ಬದಲಿಸಿ ಆಂಡಿಪಟ್ಟಿಯ ಕಡೆ ತಿರುಗಿದರೆ ಗಾಳಿಯಂತ್ರಗಳು ಬಯಲಿನ ತುಂಬ ನಿಂತು, ಯಾರೂ ಕೇಳದ ಪ್ರಶ್ನೆಗೆ ಇಲ್ಲ, ಇಲ್ಲ, ಇಲ್ಲ ಎಂದು ನಿಧಾನವಾಗಿ ತಲೆಯಾಡಿಸುವ ಹಾಗೆ ರೆಕ್ಕೆ ತಿರುಗಿಸುತ್ತಿದ್ದವು. ಎಕ್ಸ್ ಎಷ್ಟು ಸುಖಿ ಅನ್ನಿಸಿತು. ಈ ಲೆಕ್ಕದಲ್ಲಿ ಅವನು ಮೂರಾಗುತ್ತಾನೆ, ಮುಂದಿನದರಲ್ಲಿ ಏಳಾಗುತ್ತಾನೆ, ಇನ್ನೊಂದರಲ್ಲಿ ಸೊನ್ನೆಯ ಕೆಳಗೂ ಇಳಿದು ಬರುತ್ತಾನೆ, ಯಾರೂ ಅವನನ್ನು ಬಹುರೂಪಿ ಎಂದು ಬಯ್ಯುವುದಿಲ್ಲ. ನನ್ನಂಥವನೇ. ಆದರೆ ಅವನ ಪ್ರತಿ ಲೆಕ್ಕದ ಕೊನೆಯಲ್ಲಿ ಅವನು ಯಾರು ಎಂಬುದು ತಿಳಿಯುತ್ತದೆ. ನನ್ನ ಲೆಕ್ಕ ಮಾತ್ರ ಕಂಡಕ್ಟರ್, ಅಪ್ಪ, ಮೇಡಂ ಎಂದು ಸಾಲು ಸಾಲಾಗಿ ಇಳಿಯುತ್ತಲೇ ಹೋಗುತ್ತದೆ, ಅಡಿಯಲ್ಲಿ ಗೆರೆ ಎಳೆಯುವ ಜಾಗವೇ ಬರುವುದಿಲ್ಲ.

ಪರೀಕ್ಷೆಗೆ ಮುಂಚಿನ ರಜೆಯಲ್ಲಿ ಜಗುಲಿಯ ಮೇಲೆ ಪುಸ್ತಕ ಹರಡಿಕೊಂಡು ಕೂತಿದ್ದೆ. ಮೇಡಂ ತಿದ್ದಿದ ಹಳೆಯ ಉತ್ತರ ಪತ್ರಿಕೆಗಳಲ್ಲಿ ಕೆಂಪು ಸುತ್ತುಗಳು ಬೇರೆ ಬೇರೆ ಕಡೆ ಇದ್ದರೂ ಒಂದಕ್ಕೊಂದು ಸಂಬಂಧಿಕರ ಹಾಗೆ ಕಾಣುತ್ತಿದ್ದವು. ನಾಲ್ಕು ಎಕ್ಸಿಗೆ ಎಕ್ಸ್ ಸೇರಿ ನಾಲ್ಕೇ ಎಕ್ಸ್. ಎಕ್ಸನ್ನು ಎಕ್ಸಿನಿಂದ ಭಾಗಿಸಿದರೆ ಸೊನ್ನೆ. ಎಲ್ಲ ಕಡೆ ಒಂದೇ ಒಂದು ಕಡಿಮೆ.

“ಏನ್ಡಾ ಕಣ್ಣು, ಬುಕ್ಕ ಹಂಗೆ ಮೊರಚಿ ನೋಡ್ತೀಯ? ಅದು ನಿಂಗ ಏನ್ ಮಾಡ್ತು?” ದೊಡ್ಡವ್ವ ಮೂಟೆಯ ಬಾಯಿ ಬಿಚ್ಚುತ್ತಿದ್ದಳು.

“ಕಣಕ್ಕು ಬರಲ್ಲ ದೊಡ್ಡವ್ವ,” ಎಂದೆ, ಲೆಕ್ಕದ ಪುಟ ತೋರಿಸಿ.

“ಬರ್ದಿದ್ರೆ ಬುಡು. ಬಂದು ಕೊಟ್ಟೆ ಹಾಕು. ಮಂಜು ಹಾಕ್ದ್ರೆ ತಿಂದ್ಬುಡ್ತಾಳೆ.”

“ನಾ ಯಾವಾಗ ಹಸಿ ಕೊಟ್ಟೆ ತಿಂದೆ?” ಎಂದು ಒಳಗಿನಿಂದ ಮಂಜು. “ಹುರ್ದಿದ್ದು ತಿಂದೆ.”

ನಾನು ಪುಸ್ತಕ ಮಡಚದೆ ಪಕ್ಕದಲ್ಲೇ ಇಟ್ಟುಕೊಂಡು ಹೋಗಿ ಕೂತೆ. ಪಡಿ ಮೂಟೆಯೊಳಗೆ ಮುಳುಗಿತು, ಗೋಪುರವಾಗಿ ಮೇಲೆದ್ದಿತು, ಚಾಪೆಯ ಮೇಲೆ ಮಳೆಯ ಸದ್ದಿನಲ್ಲಿ ಇಳಿಯಿತು. “ಲಾಬ,” ಎಂದಳು. ನನ್ನ ಕೈ ಕೊಟ್ಟೆಯ ಮೇಲೆ ತಡೆದು ನಿಂತಿತು, ಆ ಹಳೆಯ ಹಟವೇ ಬೆರಳು ಹಿಡಿದುಕೊಂಡ ಹಾಗೆ. ಕಣ್ಣು ಪಕ್ಕದ ಪುಟಕ್ಕೆ ಹೋಯಿತು. ಅಲ್ಲಿ ಎಕ್ಸ್ ಮುಂದೆ ಏನನ್ನೂ ಕಟ್ಟಿಕೊಳ್ಳದೆ ಬರಿಮೈಯಲ್ಲಿ ನಿಂತಿದ್ದ. ಅವನ ಮುಂದೆ ಸಂಖ್ಯೆಯಿಲ್ಲ ಎಂದು ನಾನು ಅವನನ್ನು ಇಷ್ಟು ವರ್ಷ ಕೂಡಿಸಿರಲೇ ಇಲ್ಲ. ಅಲ್ಲಿ ಒಂದು ಇತ್ತು. ಹೇಳುವುದಿಲ್ಲ, ಬರೆಯುವುದಿಲ್ಲ, ಅಷ್ಟೇ. ನಂಬರ್ ಇಲ್ಲದಿದ್ದರೆ ಏನು, ಜೋಳ ಅಲ್ಲಿತ್ತು.

ನಾನು ಕೊಟ್ಟೆ ಇಟ್ಟೆ. ದೊಡ್ಡವ್ವ ಏನೂ ನಡೆಯಲಿಲ್ಲವೆಂಬಂತೆ ಎರಡು ಎಂದಳು.

ಗೆಳೆಯರೆ, ಆ ಹೊತ್ತಿನಲ್ಲಿ ಚಾಪೆಯ ಮೇಲಿನ ರಾಶಿಗಿಂತ ಹೆಚ್ಚಿನದೇನೋ ಕಣ್ಣ ಮುಂದೆ ಬೆಳೆಯುತ್ತ ಹೋಯಿತು. ಹೇಳದೆಯೇ ಲೆಕ್ಕಕ್ಕೆ ಸೇರುವುದು ಎಷ್ಟಿದೆ ಎಂದು. ಮನೆಯ ಅರ್ಜಿಗಳಲ್ಲಿ, ಶಾಲೆಯ ಪಟ್ಟಿಗಳಲ್ಲಿ ಎಲ್ಲೂ ಮುಖ ತೋರಿಸದೆ, ನನಗೆ ಸಿಟ್ಟು ಬಂದಾಗ, ಹೆಬ್ಬೆರಳು ಎಡವಿದಾಗ, ಬೆಳಗಿನ ಕನಸಿನಲ್ಲಿ ಮಾತ್ರ ಬಾಯಿಗೆ ಬರುವ ಈ ಭಾಷೆ. ಜಗಳವಾಡಿ ಎದ್ದುಹೋದವರ ಪಾಲಿಗೂ ಸೇರಿಸಿ ಅನ್ನಕ್ಕೆ ಇಡುವ ನೀರು. ಬಾಗಿಲಿಗೆ ಒರಗಿ ಪೂರ್ತಿ ಕೇಳಿಸಿಕೊಂಡ ಮೇಡಂ ಅವರ ಮೌನ. ಆಮೇಲೆ ಅಚ್ಚಿನ ಕನ್ನಡದಲ್ಲಿ ಈ ಶಾಸ್ತ್ರಕ್ಕೆ ಬೀಜಗಣಿತ ಎನ್ನುತ್ತಾರೆಂದು ತಿಳಿದಾಗ, ಹುಣಿಸೆಯ ಕೊಟ್ಟೆಗಳನ್ನು ನೆನೆದು ಒಬ್ಬನೇ ನಕ್ಕೆ.

ಪರೀಕ್ಷೆಯ ಬೆಳಿಗ್ಗೆ ಸಭಾಂಗಣದಲ್ಲಿ ಫ್ಯಾನುಗಳ ಸದ್ದು ಬಿಟ್ಟರೆ ಬೇರೆ ಧ್ವನಿಗೆ ಅನುಮತಿ ಇರಲಿಲ್ಲ, ಅಣಕಿಸುವವನಿಗೆ ಅದಕ್ಕಿಂತ ದೊಡ್ಡ ಸೆರೆಮನೆಯಿಲ್ಲ. ತಲೆಯೊಳಗೆ ಮೇಡಂ ಅವರನ್ನು ಕರೆದೆ; ಅವರು ಬರಲಿಲ್ಲ, ಯಾಕೆಂದರೆ ನಿಜವಾದ ಅವರೇ ಎರಡು ಸಾಲು ಆಚೆ ಕನ್ನಡಕ ತಿರುಗಿಸುತ್ತ ಓಡಾಡುತ್ತಿದ್ದರು. ಪ್ರಶ್ನೆಪತ್ರಿಕೆಯಲ್ಲಿ ಬರಿಮೈಯ ಎಕ್ಸ್ ಕಂಡಲ್ಲೆಲ್ಲ ಮುಂದೆ ಪೆನ್ಸಿಲಿನಿಂದ ಒಂದೊಂದು ಚುಕ್ಕೆ ಇಟ್ಟೆ. ಲಾಭ, ಲಾಭ, ಲಾಭ. ತುಟಿ ಅಲ್ಲಾಡಿರಬೇಕು. ಮೇಡಂ ಬಗ್ಗಿ ಚುಕ್ಕೆಗಳನ್ನು ನೋಡಿ, ಹುಬ್ಬು ಎತ್ತಿ, ಮುಂದೆ ಹೋದರು. ನಾನು ಬರೆದೆ. ಯಾರ ಧ್ವನಿಯಲ್ಲಿ ಬರೆದೆನೋ ಗೊತ್ತಿಲ್ಲ, ಬಾಡಿಗೆದಾರರಲ್ಲಿ ಯಾರದೂ ಅಲ್ಲ. ತೊದಲುತ್ತಿತ್ತು, ಆದರೆ ನಿಲ್ಲಲಿಲ್ಲ.

ಹೊರಗೆ ವರಾಂಡದಲ್ಲಿ ಅವರು ಕೇಳಿದರು, “ಆ ಚುಕ್ಕೆಗಳೇನು?”

“ಹುಣಿಸೆ ಬೀಜ ಮೇಡಂ. ನಮ್ಮ ಪಾಟಿ, ಅಪ್ಪನ ತಾಯಿ, ಕಲಿಸಿದ್ದು. ಶಾಲೆಗೆ ಹೋದವರಲ್ಲ.”

“ಅದಕ್ಕೇ ಅವರಿಗೆ ಅರಿಯರ್ ಇಲ್ಲ,” ಎಂದು ಹೇಳಿ ಉತ್ತರ ಪತ್ರಿಕೆಗಳ ಕಟ್ಟನ್ನು ಎದೆಗೊತ್ತಿಕೊಂಡು ಹೊರಟರು.

ಫಲಿತಾಂಶ ಬಂದದ್ದು ಮೇ ತಿಂಗಳ ಕೊನೆಯಲ್ಲಿ, ಮಂಜುವಿನ ಮೊಬೈಲಿಗೆ. ಅವಳು ಸುದ್ದಿ ಓದುವವಳ ಧ್ವನಿಯಲ್ಲಿ, ಬೇಕೆಂದೇ ಹವಾಮಾನ ವರದಿಯೆಲ್ಲ ಮುಗಿಸಿ, ಕೊನೆಗೆ ‘ಪಾಸ್’ ಎಂದಳು. ಅಂಕ ಎಷ್ಟೆಂದು ಕೇಳಬೇಡಿ, ಗೋಪುರ ಬರುವಷ್ಟಿರಲಿಲ್ಲ, ಪಡಿಯ ಅಂಚಿಗೆ ಸಮವಾಗಿ ತುಂಬಿತ್ತು. ಅಪ್ಪ ಚಿಕ್ಕಪ್ಪನಿಗೆ ಫೋನ್ ಮಾಡಿ ಶುದ್ಧ ತಮಿಳಿನಲ್ಲಿ, ಹುಡುಗ ಸದ್ಯಕ್ಕೆ ಬರುವುದಿಲ್ಲ ಎಂದರು.

ಆ ದಿನ ದೊಡ್ಡವ್ವ ಪಡಿಯನ್ನು ನನ್ನ ಕಡೆ ತಳ್ಳಿದಳು. “ಇಂದು ನೀ ಅಳೆ. ನಾ ಕೊಟ್ಟೆ ಹಾಕ್ತೀನಿ.” ನಾನು ಅವಳ ಹಾಗೆಯೇ ಒಂದು ಕಾಲು ಚಾಚಿ ಕೂತು, ಅದ್ದಿ, ಎತ್ತಿ, ಅವಳ ಧ್ವನಿಯಲ್ಲೇ ಹೇಳಲು ಗಂಟಲು ಸರಿಮಾಡಿಕೊಂಡೆ. ಬರಲಿಲ್ಲ. ಬಂದದ್ದು ಅರ್ಧ ತಮಿಳಿನ, ಅರ್ಧ ಮೊಬೈಲಿನ, ಎಲ್ಲಿಯದೂ ಅಲ್ಲದ ಒಂದು ‘ಲಾಭ’. ದೊಡ್ಡವ್ವ ಕಣ್ಣು ಕಿರಿದು ಮಾಡಿ ನನ್ನನ್ನು ನೋಡಿದಳು. ಆಮೇಲೆ, ಎಂಬತ್ತರ ಹತ್ತಿರದ ಆ ಮುದುಕಿ, ಹುಟ್ಟಿದಂದಿನಿಂದ ಯಾರನ್ನೂ ಅಣಕಿಸದವಳು, ನನ್ನ ಹಾಗೆಯೇ ಹಣೆಯ ಕೂದಲು ತಳ್ಳಿ, ಗಂಟಲು ಕೆರೆದು, ನನ್ನ ಹಾಗೆಯೇ ‘ಲಾಭ’ ಎಂದಳು. ಮಂಜು ನಗು ತಡೆಯಲಾರದೆ ಗೋಡೆಗೆ ಒರಗಿ ಕುಸಿದು ಕೂತಳು. ಎಷ್ಟು ಜನರ ಧ್ವನಿ ಕದ್ದಿದ್ದೇನೆ, ನನ್ನದನ್ನು ಯಾರಾದರೂ ಕದಿಯಲು ಅದು ಇರಬೇಕಲ್ಲ ಎಂದು ಆಗ ಹೊಳೆಯಿತು.

“ಸರಿಯಾಗಿ ಹೆಂಗ್ ಹೇಳೋದು ದೊಡ್ಡವ್ವ?”

“ನೀ ಹೇಳ್ದಂಗೇ ಹೇಳು. ಕಾಳಿಗೆ ಗೊತ್ತಾಯ್ತದೆ.”

ಅವಳು ಚಾಪೆಯಂಚಿನಲ್ಲಿ ಮೊದಲ ಕೊಟ್ಟೆ ಇಟ್ಟಳು. ನಾನು ಪಡಿಯನ್ನು ಮತ್ತೆ ಮೂಟೆಯೊಳಗೆ ಅದ್ದಿದೆ. ನಾಲ್ಕು ವರ್ಷದವನಿದ್ದಾಗ ನಾನೇ ಬಡಿದು ಮಾಡಿದ ಆ ತಗ್ಗಿನಲ್ಲಿ ನನ್ನ ಹೆಬ್ಬೆರಳು, ಅಳತೆ ಕೊಟ್ಟು ಮಾಡಿಸಿದ ಹಾಗೆ, ಸರಿಯಾಗಿ ಕೂತಿತು.