ತಿಳಿದೇ ಮಾಡಿದ ಪಾಲು

ನನ್ನ ತಮ್ಮ ಸದಾನಂದನ ಮೇಲೆ ಗೋಡೆ ಬಿದ್ದದ್ದು ಕಳೆದ ವರ್ಷ ಮೇ ತಿಂಗಳ ಒಂದು ಮಂಗಳವಾರ. ಆ ಗೋಡೆ ಕಟ್ಟಿದವನು ಅವನೇ, ಒಡೆಯುತ್ತಿದ್ದವನೂ ಅವನೇ. ಒಡೆಯುವ ಗತಿ ತಂದವಳು ನಾನು. ಈ ಕೊನೆಯ ಮಾತು ಊರಿನಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ. ಕಾಪುವಿನ ಗುಡಿಯ ದೇವಿ, ನಮ್ಮ ಅಮ್ಮನ ಎದುರು ಹೇಳಿದ್ದೇನೆ. ಅವಳನ್ನು ನಂಬಿದ ನಿಮ್ಮ ಎದುರೂ ಹೇಳಿದರೆ ಮಾತ್ರ ನನ್ನ ಹರಕೆ ತೀರುತ್ತದೆ ಎಂದು ಬರೆಯಲು ಕುಳಿತಿದ್ದೇನೆ. ಓದಿದ್ದು ಐದನೇ ಕ್ಲಾಸಿನವರೆಗೆ. ತಪ್ಪು ಕಂಡರೆ ತಿದ್ದಿಕೊಂಡು ಓದಿ.

ನಮ್ಮದು ಕಾಪುವಿನ ಸಮುದ್ರದ ಬದಿ. ತಮ್ಮ ದೋಣಿಗೆ ಹೋಗುವವನು. ನಾನು ಮೂವತ್ತು ವರ್ಷದಿಂದ ಕಾರ್ಕಳದ ಮಾರ್ಕೆಟ್ಟಿನಲ್ಲಿ ಮೀನು ಮಾರುತ್ತಿದ್ದೇನೆ. ಗಂಡ ಇಲ್ಲ, ಮಗಳಿಗೆ ಮದುವೆಯಾಗಿದೆ. ತಾಯಿ ತೀರಿಹೋದಾಗ ಅವರ ಹೆಸರಿನಲ್ಲಿ ಎರಡು ಜಾಗ ಇತ್ತು. ಒಂದು ಕಾಪುವಿನಲ್ಲಿ, ಹಳೆಯ ಮನೆ ಮತ್ತು ಅದರ ಸುತ್ತಲಿನ ಇಪ್ಪತ್ತು ಸೆಂಟ್ಸ್. ಇನ್ನೊಂದು ಉದ್ಯಾವರದಲ್ಲಿ ಹೈವೇ ಬದಿಯ ಎಂಟು ಸೆಂಟ್ಸ್, ಅದರಲ್ಲಿ ಒಂದು ಕೋಣೆಯ ಅಂಗಡಿ. ಹೈವೇ ಅಗಲ ಮಾಡುವಾಗ ಉದ್ಯಾವರದ ಜಾಗದಿಂದ ಒಂದು ತುಂಡು ಹೋಗಿತ್ತು. ಅದಕ್ಕೆ ತಾಯಿಗೆ ಪರಿಹಾರವೂ ಬಂದಿತ್ತು. ಹಾಗಾಗಿ ಸರಕಾರ ಜಾಗ ಮುಟ್ಟಿದರೆ ಪರಿಹಾರ ಕೊಡುತ್ತದೆ ಎಂದೇ ನಾವು ತಿಳಿದಿದ್ದೆವು.

ನಮ್ಮ ಕುಟುಂಬದಲ್ಲಿ ಪಾಲಿಗೆ ಒಂದು ಕ್ರಮ ಉಂಟು. ದೊಡ್ಡವರು ಪಾಲು ಮಾಡಬೇಕು, ಸಣ್ಣವರು ಮೊದಲು ಆರಿಸಬೇಕು. ಉಳಿದದ್ದು ದೊಡ್ಡವರಿಗೆ. ತನಗೆ ಯಾವುದು ಉಳಿಯುತ್ತದೆಂದು ಗೊತ್ತಿಲ್ಲದವರು ಸಮನಾಗಿಯೇ ಪಾಲು ಮಾಡುತ್ತಾರೆ ಎಂಬುದು ಹಿರಿಯರ ಲೆಕ್ಕ. ಆ ಲೆಕ್ಕವನ್ನು ನಾನು ಕೆಡಿಸಿದೆ.

ಪಾಲಿಗೆ ಒಂದು ವಾರ ಇರುವಾಗ, ಕಾರ್ಕಳದಲ್ಲಿ ನನ್ನ ಹತ್ತಿರ ದಿನಾ ಮೀನು ಕೊಳ್ಳುವ ಒಬ್ಬರನ್ನು ವಿಚಾರಿಸಿದೆ. ಅವರು ಜಾಗ ಅಳೆಯುವ ಕೆಲಸದವರು. ಕಾಪುವಿನ ಜಾಗದ ಸರ್ವೆ ನಂಬರ್ ಬರೆದಿದ್ದ ಚೀಟಿಯನ್ನು ನೋಡಿ ಅವರು ತಲೆ ಅಲ್ಲಾಡಿಸಿದರು.

"ಇದು ಸರಕಾರ ಹಾಕಿದ ಸಮುದ್ರದ ಗೆರೆಯ ಒಳಗೆ ಬರ್ತದೆ ಮಾರಾಯ್ತಿ. ಹಳೆ ಮನೆ ರಿಪೇರಿ ಮಾಡ್ಲಿಕ್ಕೆ ಅಡ್ಡಿಯಿಲ್ಲ. ಹೊಸತಾಗಿ ಒಂದು ಕೋಣೆ ಕಟ್ಟಲಿಕ್ಕೂ ಬಿಡುದಿಲ್ಲ. ಮಾರ್ತೇನೆ ಅಂದ್ರೆ ಕೇಳುವವ ಸಿಗ್ಲಿಕ್ಕಿಲ್ಲ."

ಆ ದಿನ ಅವರ ಚೀಲಕ್ಕೆ ಎರಡು ಬಂಗುಡೆ ಹೆಚ್ಚು ಹಾಕಿದೆ. ಯಾಕೆ ಹಾಕಿದೆನೆಂದು ನನಗೆ ಗೊತ್ತಿತ್ತು.

ಪಾಲಿನ ದಿನ ಎರಡು ಜಾಗವನ್ನೂ ಕಾಗದದಲ್ಲಿ ಬರೆಸಿ ಅವನ ಎದುರು ಇಟ್ಟೆ. ಮನೆ ಮತ್ತು ಇಪ್ಪತ್ತು ಸೆಂಟ್ಸ್ ಒಂದು ಕಡೆ, ಅಂಗಡಿ ಮತ್ತು ಎಂಟು ಸೆಂಟ್ಸ್ ಇನ್ನೊಂದು ಕಡೆ. ಅವನು ಯಾವುದನ್ನು ಆರಿಸುತ್ತಾನೆಂದು ನಾನು ಕಣ್ಣುಮುಚ್ಚಿ ಹೇಳಬಹುದಿತ್ತು. ಅವನ ದೋಣಿ ಅಲ್ಲಿ, ಜೊತೆಗಾರರು ಅಲ್ಲಿ. ಸಮುದ್ರದ ಸದ್ದು ಕೇಳದಿದ್ದರೆ ನಿದ್ರೆ ಬಾರದವನು. ಆದರೂ ಅವನು ಕೂಡಲೇ ಆರಿಸಲಿಲ್ಲ. "ದೊಡ್ಡದು ನನಗೆ ಬರ್ತದಲ್ಲ ಅಕ್ಕ, ನಿನಗೆ ಬೇಜಾರಿಲ್ವಾ?" ಎಂದು ಕೇಳಿದ. ನಾನು ಇಲ್ಲ ಎಂದೆ. ತಮ್ಮನಿಗೆ ದೊಡ್ಡ ಪಾಲು ಬಿಟ್ಟುಕೊಟ್ಟ ಅಕ್ಕ ಎಂದು ನೆಂಟರು ಹೊಗಳಿದರು. ಅದನ್ನೂ ಕೇಳಿಕೊಂಡು ಕುಳಿತೆ.

ನನ್ನ ಮನಸ್ಸಿನಲ್ಲಿ ಏನಿತ್ತೆಂದು ಮುಚ್ಚಿಡುವುದಿಲ್ಲ. ಸಣ್ಣವಳಿದ್ದಾಗ ಅವನನ್ನು ಎತ್ತಿಕೊಂಡು ನೋಡಿಕೊಳ್ಳಲು ನನ್ನ ಶಾಲೆ ಬಿಡಿಸಿದ್ದರು. ಅವನು ಎಂಟನೇ ಕ್ಲಾಸಿನವರೆಗೆ ಹೋದ. ಈ ಒಂದು ಸಲ ನನಗೂ ಒಳ್ಳೆಯದು ಸಿಗಲಿ ಎಂದುಕೊಂಡೆ. ಹೇಳಿ ಕೇಳಿದ್ದರೆ ಅವನು ಕೊಟ್ಟೇ ಬಿಡುತ್ತಿದ್ದ. ಆದರೆ ನಾನು ಕೇಳಲಿಲ್ಲ.

ಎರಡು ವರ್ಷದ ನಂತರ ಅವನು ಹಳೆ ಮನೆಯ ಬದಿಯಲ್ಲಿ ಎರಡು ಕೋಣೆ ಕಟ್ಟಲು ಹೊರಟ. ಬೀಚಿಗೆ ಬರುವವರಿಗೆ ಬಾಡಿಗೆಗೆ ಕೊಟ್ಟು ಮಗಳನ್ನು ನರ್ಸಿಂಗ್ ಓದಿಸಬೇಕು ಎಂದಿದ್ದ. ಅನುಮತಿ ಸಿಗಲಿಲ್ಲ. ಆಗ ಅವನು ಪರಿಹಾರಕ್ಕೆ ಅರ್ಜಿ ಹಾಕಿದ. ದೋಣಿಗೆ ರಜೆ ಇದ್ದ ದಿನಗಳಲ್ಲೆಲ್ಲ ಪ್ಲಾಸ್ಟಿಕ್ ಫೈಲು ಹಿಡಿದು ಕಾಪುವಿನಿಂದ ಉಡುಪಿಗೆ, ಅಲ್ಲಿಂದ ಮಣಿಪಾಲಕ್ಕೆ ಬಸ್ಸಿನಲ್ಲಿ ತಿರುಗಿದ. ಕಡಲು ಎಲ್ಲರದ್ದು, ಅದನ್ನು ಉಳಿಸುವುದು ಸರಿ ಎಂದೇ ಅವನೂ ಹೇಳುತ್ತಿದ್ದ. ಎಲ್ಲರಿಗಾಗಿ ಉಳಿಸುವುದಾದರೆ ನಷ್ಟ ನಾನೊಬ್ಬನೇ ಯಾಕೆ ಹೊರಬೇಕು ಎಂಬುದು ಅವನ ಪ್ರಶ್ನೆ. ಹೈವೇಗೆ ಹೋದ ತುಂಡಿಗೆ ಕೊಟ್ಟರಲ್ಲ, ಇದಕ್ಕೆ ಯಾಕಿಲ್ಲ ಎಂದು ಕೇಳಿದ್ದಕ್ಕೆ ಮೇಜಿನ ಆಚೆಗಿದ್ದವರು ಹೇಳಿದ್ದನ್ನು ಅವನು ನನಗೆ ಬಂದು ಹೇಳಿದ್ದ.

"'ನಿಮ್ಮ ಜಾಗ ಯಾರೂ ತಗೊಳ್ಳಲಿಲ್ಲ ಅಲ್ವಾ? ನಿಮ್ಮ ಹೆಸರಲ್ಲೇ ಉಂಟು, ನೀವೇ ಇಟ್ಕೊಳ್ಳಿ' ಅಂತಾರೆ ಅಕ್ಕ. ತಗೊಂಡಿದ್ರೆ ಒಳ್ಳೇದಿತ್ತು."

ಆಗಲೂ ನಾನು ಬಾಯಿ ಬಿಡಲಿಲ್ಲ. ಚಹಾ ಮಾಡಿ ಕೊಟ್ಟೆ.

ಕೊನೆಗೆ ಹಟಕ್ಕೆ ಬಿದ್ದು ಅನುಮತಿ ಇಲ್ಲದೆ ಕಟ್ಟಿದ. ಗೋಡೆ ಬಾಗಿಲ ಮೇಲಿನ ತೊಲೆಯ ಎತ್ತರಕ್ಕೆ ಬಂದಾಗ ನೋಟೀಸು ಬಂತು, ಇಂತಿಷ್ಟು ದಿನದೊಳಗೆ ತೆಗೆಯಬೇಕು ಎಂದು. ಕೂಲಿಯವರನ್ನು ಕರೆಯಲು ಕೈಯಲ್ಲಿ ಏನೂ ಇರಲಿಲ್ಲ. ತಾನೇ ಹಾರೆ ಹಿಡಿದ.

ಆ ಮಂಗಳವಾರ ಹನ್ನೊಂದು ಗಂಟೆಗೆ ಕಾರ್ಕಳದ ಮಾರ್ಕೆಟ್ಟಿನಲ್ಲಿ ನನಗೆ ಫೋನು ಬಂತು. ತಮ್ಮನ ಹೆಂಡತಿ ವಿಮಲ. ಗೋಡೆ ಬಿದ್ದಿದೆ, ತಲೆಗೆ ಪೆಟ್ಟಾಗಿದೆ, ಕಾಲು ತೊಲೆಯ ಅಡಿಗೆ ಸಿಕ್ಕಿದೆ, ಮಣಿಪಾಲಕ್ಕೆ ಕೊಂಡೊಯ್ಯುತ್ತಿದ್ದಾರೆ ಎಂದಷ್ಟೇ ಹೇಳಿದಳು. ಬುಟ್ಟಿಯನ್ನು ಪಕ್ಕದವಳಿಗೆ ಒಪ್ಪಿಸಿ ಹಿರಿಯಡ್ಕದ ಮೇಲೆ ಹೋಗುವ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಜನ ಹತ್ತಿದರು, ಇಳಿದರು. ಅಮ್ಮನ ಹೆಸರು ಬಿಟ್ಟರೆ ನನ್ನ ಬಾಯಲ್ಲಿ ಬೇರೆ ಏನೂ ಇರಲಿಲ್ಲ.

ಆಸ್ಪತ್ರೆಯಲ್ಲಿ ಐಸಿಯುವಿನ ಹೊರಗಿನ ಬೆಂಚಿನಲ್ಲಿ ಮೂರು ರಾತ್ರಿ, ಮೂರು ಹಗಲು. ನನ್ನ ಕೈಯ ಮೀನಿನ ವಾಸನೆಗೆ ಪಕ್ಕದವರು ಎದ್ದು ಬೇರೆ ಕಡೆ ಕುಳಿತರು. ತಲೆಯೊಳಗೆ ರಕ್ತ ಹೆಪ್ಪುಗಟ್ಟಿತ್ತು, ತೆಗೆದಿದ್ದೇವೆ, ಎಚ್ಚರ ಆಗುತ್ತದೋ ಇಲ್ಲವೋ ಈಗ ಹೇಳಲಾಗುವುದಿಲ್ಲ ಎಂದರು ಡಾಕ್ಟರು. ಬಲಗಾಲು ಉಳಿಯುವುದಿಲ್ಲ ಎಂದು ಸಹಿ ತೆಗೆದುಕೊಂಡು ಮೊಣಕಾಲಿನ ಕೆಳಗೆ ಕತ್ತರಿಸಿದರು. ನಾನು ಅಮ್ಮನಿಗೆ ಹರಕೆ ಹೇಳಿಕೊಳ್ಳುತ್ತಲೇ ಇದ್ದೆ. ಸೀರೆ ಕೊಡುತ್ತೇನೆ, ಕೋಳಿ ಕೊಡುತ್ತೇನೆ, ಬೆಳ್ಳಿಯ ಕಾಲು ಮಾಡಿಸುತ್ತೇನೆ ಎಂದು. ಕೊಡಬೇಕಾದ ಒಂದನ್ನು ಬಿಟ್ಟು ಬೇರೆ ಎಲ್ಲವನ್ನೂ ಹೇಳಿದೆ.

ಶುಕ್ರವಾರ ಬೆಳಿಗ್ಗೆ ವಿಮಲ, "ಅಕ್ಕ, ಅಮ್ಮನಲ್ಲಿ ಹೋಗಿ ಒಂದು ಪ್ರಾರ್ಥನೆ ಮಾಡಿಸಿ ಬರುವ" ಎಂದಳು. ಅವಳ ಮಗಳನ್ನು ಬೆಂಚಿನಲ್ಲಿ ಕೂರಿಸಿ ಇಬ್ಬರೂ ಹೊರಟೆವು. ಉಡುಪಿಯಲ್ಲಿ ಬಸ್ಸು ಬದಲಿಸಿದೆವು. ಉದ್ಯಾವರ ಬಂದಾಗ ಕಿಟಕಿಯಿಂದ ನನ್ನ ಅಂಗಡಿ ಕಂಡಿತು. ಬಾಡಿಗೆಯವನು ಬಾಗಿಲು ತೆರೆದು ನೀರು ಚಿಮುಕಿಸುತ್ತಿದ್ದ. ನಾನು ಮುಖ ಆಚೆ ತಿರುಗಿಸಿದೆ. ವಿಮಲ ಮಾತ್ರ ನೋಡಿ, "ಅದನ್ನಾದ್ರೂ ಅತ್ತೆ ಉಳಿಸಿದ್ದು ಒಳ್ಳೇದಾಯ್ತು, ನಿಮಗೊಂದು ಆಧಾರ" ಎಂದಳು. ಅವಳ ಮಾತಿನಲ್ಲಿ ಚುಚ್ಚು ಇರಲಿಲ್ಲ. ಇದ್ದಿದ್ದರೆ ನನಗೆ ಹಗುರಾಗುತ್ತಿತ್ತು.

ನಮ್ಮ ಕಡೆ ಅರ್ಚಕರು ಭಕ್ತರ ಪರವಾಗಿ ಗಟ್ಟಿಯಾಗಿ ಪ್ರಾರ್ಥನೆ ಮಾಡುವುದು ನಿಮಗೆಲ್ಲ ಗೊತ್ತಿದ್ದದ್ದೇ. ಕಾಪುವಿನ ಗುಡಿ ತಲುಪಿದಾಗ ಅವರು ಹೆಸರು ಕೇಳಿದರು, ವಿಷಯ ಕೇಳಿದರು. ಹೂವು ಕೈಯಲ್ಲಿ ಹಿಡಿದು ಅಮ್ಮನ ಎದುರು ಸುರು ಮಾಡಿದರು. ಸದಾನಂದ ಎಂಬ ನಿನ್ನ ಮಗು ಅಪಾಯದಲ್ಲಿ ಮಲಗಿದೆ, ಅಕ್ಕ ಬಂದಿದ್ದಾಳೆ, ಹೆಂಡತಿ ಬಂದಿದ್ದಾಳೆ, ಇವರ ಕುಟುಂಬದಿಂದ ತಿಳಿದೋ ತಿಳಿಯದೆಯೋ ಏನಾದರೂ ತಪ್ಪಾಗಿದ್ದರೆ ಹೊಟ್ಟೆಗೆ ಹಾಕಿಕೊಂಡು...

ಸಣ್ಣಂದಿನಿಂದ ಎಷ್ಟೋ ಸಲ ಕೇಳಿದ ಮಾತು. ಆವತ್ತು ಅದು ನನ್ನನ್ನು ದಾಟಿ ಮುಂದೆ ಹೋಗಲಿಲ್ಲ. ಆ "ತಿಳಿಯದೆಯೋ" ಎಂಬುದರ ಹಿಂದೆ ಇನ್ನೂ ಒಂದು ಸಲ ಅಡಗಿಕೊಂಡರೆ ತಮ್ಮ ಉಳಿಯುವುದಿಲ್ಲ ಎಂದು ಯಾರೋ ಹೆಗಲು ಹಿಡಿದು ಅಲ್ಲಾಡಿಸಿದ ಹಾಗಾಯಿತು.

"ತಿಳಿಯದೆ ಅಲ್ಲ ಭಟ್ರೆ" ಎಂದೆ. "ತಿಳಿದೇ. ಹಾಗೇ ಹೇಳಿ."

ಅವರು ಹೂವು ಹಿಡಿದ ಕೈ ಹಾಗೆಯೇ ಇಟ್ಟು ನನ್ನ ಮುಖ ನೋಡಿದರು. "ಎಂತದು? ನೀವೇ ಹೇಳಿ" ಎಂದರು.

ಹೇಳಿದೆ. ಗೆರೆಯ ವಿಷಯ ಪಾಲಿಗೆ ಮೊದಲೇ ನನಗೆ ಗೊತ್ತಿತ್ತು, ಅವನಿಗೆ ಗೊತ್ತಿರಲಿಲ್ಲ, ಗೊತ್ತಿಲ್ಲದವನ ಹತ್ತಿರ ಮೊದಲು ನೀನೇ ಆರಿಸು ಎಂದೆ. ಮೂರು ಮಾತಿನಲ್ಲಿ ಮುಗಿಯಿತು. ಅಷ್ಟು ವರ್ಷ ಹೊತ್ತದ್ದು ಇಷ್ಟು ಸಣ್ಣದಾ ಎಂದು ನನಗೇ ಅನಿಸಿತು. ಅರ್ಚಕರು ಅದನ್ನು ಒಂದಕ್ಷರ ಬಿಡದೆ ಗಟ್ಟಿಯಾಗಿ ಅಮ್ಮನಿಗೆ ಹೇಳಿ ಹೂವು ಹಾಕಿದರು. ಹಿಂದೆ ನಿಂತವರಿಗೆಲ್ಲ ಕೇಳಿತು. ವಿಮಲಳಿಗೆ ಕೇಳಿತು.

ಅವಳು ಪ್ರಸಾದ ತೆಗೆದುಕೊಂಡು ಸೆರಗಿನಲ್ಲಿ ಕಟ್ಟಿಕೊಂಡಳು. ಬಸ್ ಸ್ಟಾಪಿನಲ್ಲಿ ಉಡುಪಿಯ ಬಸ್ಸು ಬಂದಾಗ ಮೆಟ್ಟಿಲ ಮೇಲೆ ಕಾಲಿಟ್ಟು ಹಿಂದೆ ತಿರುಗಿದಳು.

"ನೀವು ಮುಂದಿನ ಬಸ್ಸಿಗೆ ಬನ್ನಿ."

ನಾನು ಮುಂದಿನ ಬಸ್ಸಿಗೆ ಹೋದೆ. ಆಸ್ಪತ್ರೆ ತಲುಪಿದಾಗ ತಮ್ಮ ಕಣ್ಣು ಬಿಟ್ಟಿದ್ದ. ನಾವು ಅಲ್ಲಿಲ್ಲದ ಹೊತ್ತಿನಲ್ಲಿ ನರ್ಸು ಹೊರಗೆ ಬಂದು ಮಗಳನ್ನು ಕರೆದರಂತೆ. ನಾನು ಬಾಯಿ ಬಿಟ್ಟ ಆ ನಿಮಿಷಕ್ಕೇ ಅವನು ಕಣ್ಣು ಬಿಟ್ಟ ಎಂದು ನಾನು ಹೇಳುವುದಿಲ್ಲ, ಗಡಿಯಾರ ನೋಡಿರಲಿಲ್ಲ. ಆದರೆ ಮೂರು ದಿನದ ಸೀರೆ, ಕೋಳಿ, ಬೆಳ್ಳಿಗೆ ಅಲುಗದ ರೆಪ್ಪೆ ಆ ಬೆಳಿಗ್ಗೆ ತೆರೆಯಿತು. ಮಗಳ ಹತ್ತಿರ ಅವನು ಮೊದಲು ಕೇಳಿದ್ದು, "ಗೋಡೆ ಪೂರ್ತಿ ಬಿತ್ತಾ?" ಎಂದು. ನೋಟೀಸಿನ ದಿನ ಮೀರುತ್ತದೆ ಎಂಬ ಹೆದರಿಕೆ.

ವಿಮಲ ನನ್ನನ್ನು ಬದಿಗೆ ಕರೆದು, ನಾನು ಅವರಿಗೆ ಹೇಳುವುದಿಲ್ಲ, ಅಮ್ಮನಿಗೆ ಹೇಳಿದವರೇ ಅವರಿಗೂ ಹೇಳಬೇಕು ಎಂದಳು. ವಾರ್ಡಿಗೆ ಹಾಕಿದ ಮೇಲೆ, ಹದಿನೆಂಟನೆಯ ದಿನ ಹೇಳಿದೆ. ಅವನು ಇಲ್ಲದ ಕಾಲಿನ ಕಡೆ ನೋಡುತ್ತಾ ಕೇಳಿಸಿಕೊಂಡ.

"ನಾನು ಆಫೀಸು ಆಫೀಸು ತಿರುಗುವಾಗಲೂ ಗೊತ್ತಿತ್ತಾ?"

"ಗೊತ್ತಿತ್ತು."

ಅವನು ಗೋಡೆಯ ಕಡೆ ತಿರುಗಿದ. ಉದ್ಯಾವರದ್ದನ್ನು ನಿನ್ನ ಹೆಸರಿಗೆ ಬರೆದುಕೊಡುತ್ತೇನೆ ಎಂದೆ. "ದಾನ ಬೇಡ ನನಗೆ" ಎಂದ. ಅದಾದ ಮೇಲೆ ಮಳೆಗಾಲ ಪೂರ್ತಿ ನನ್ನೊಡನೆ ಮಾತಿಲ್ಲ. ನಾನು ದಿನಾ ಅವನ ಜಗಲಿಯಲ್ಲಿ ಮೀನು ಇಟ್ಟು ಬರುತ್ತಿದ್ದೆ. ಮರುದಿನ ಪಾತ್ರೆ ತೊಳೆದು ಅದೇ ಜಾಗದಲ್ಲಿ ಕವುಚಿ ಇಟ್ಟಿರುತ್ತಿತ್ತು. ಮೀನು ತಿಂದರೋ ಬೆಕ್ಕಿಗೆ ಹಾಕಿದರೋ ನಾನು ಕೇಳಲಿಲ್ಲ. ಅಮ್ಮ ಅವನನ್ನು ಬದುಕಿಸಿದ್ದಾಳೆ, ನನಗಾಗಿ ಬದುಕಿಸಿದ್ದಲ್ಲ ಎಂದು ನನಗೆ ನಾನೇ ಹೇಳಿಕೊಂಡೆ.

ಚೌತಿ ಕಳೆದ ವಾರ ಮಗಳ ಕೈಯಲ್ಲಿ ಹೇಳಿಕಳುಹಿಸಿದ. ಹೋದೆ. ಊರುಗೋಲು ಪಕ್ಕದಲ್ಲಿ ಇಟ್ಟುಕೊಂಡು ಜಗಲಿಯಲ್ಲಿ ಕುಳಿತಿದ್ದ. ಕೈಯಲ್ಲಿ ಒಂದು ಕಾಗದ. ಅವನ ಅರ್ಜಿಗೆ ಕೊನೆಗೂ ಬಂದ ಉತ್ತರ, ಸದರಿ ಜಾಗಕ್ಕೆ ಪರಿಹಾರ ನೀಡಲು ಅವಕಾಶವಿರುವುದಿಲ್ಲ ಎಂದು. ಅದನ್ನು ಮಗುಚಿ ನನ್ನ ಎದುರು ಇಟ್ಟ. ಹಿಂಬದಿಯಲ್ಲಿ ಅವನ ಅಕ್ಷರ. ಎಡಗಡೆ ಕಾಪು, ಬಲಗಡೆ ಉದ್ಯಾವರ.

"ಈ ಸಲ ಪಾಲು ಮಾಡಿದ್ದು ನಾನು. ನೀನು ಆರಿಸು ಅಕ್ಕ. ಈಗ ಇಬ್ಬರಿಗೂ ಗೊತ್ತುಂಟು."

ನಾನು ಕಾಪುವಿನ ಮೇಲೆ ಬೆರಳು ಇಟ್ಟೆ. ಅವನು ಇನ್ನೊಮ್ಮೆ ನೋಡು ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ಕಾಗದ ಮಡಚಿ ಕಿಸೆಗೆ ಹಾಕಿದ. ಅದೇ ತಿಂಗಳು ನೋಂದಣಿ ಆಯಿತು.

ಈಗ ಅವನು ಉದ್ಯಾವರದಲ್ಲಿ ಅಂಗಡಿ ನಡೆಸುತ್ತಾನೆ, ಬಲೆ, ಹಗ್ಗ, ಬಲೆಗೆ ಕಟ್ಟುವ ತೇಲುಗುಂಡು ಮಾರುತ್ತಾನೆ. ಹಿಂಬದಿಯಲ್ಲಿ ಮನೆ ಎಬ್ಬಿಸಿದ್ದಾನೆ. ಸಮುದ್ರದ ಸದ್ದು ಅಲ್ಲಿಗೆ ಕೇಳುವುದಿಲ್ಲ, ನಿದ್ರೆ ಸರಿ ಬರುವುದಿಲ್ಲವಂತೆ. ಮಗಳು ನರ್ಸಿಂಗಿಗೆ ಸೇರಿದ್ದಾಳೆ. ಇನ್ನು ದೋಣಿ ಅವನಿಗಿಲ್ಲ. ನಾನು ಹಳೆ ಮನೆಯಲ್ಲಿದ್ದೇನೆ. ರಿಪೇರಿಗೆ ಅಡ್ಡಿಯಿಲ್ಲ, ಹಂಚು ಬದಲಿಸಿದೆ. ಅವನು ಕಟ್ಟಿದ ಗೋಡೆಯ ಕೆಂಪುಕಲ್ಲುಗಳನ್ನು ಬದಿಯಲ್ಲಿ ಒಟ್ಟಿದ್ದೇನೆ. ಕೆಲವುಗಳ ಮೇಲೆ ರಕ್ತದ ಕಲೆ ಉಂಟು, ಮಳೆಗೂ ಹೋಗಲಿಲ್ಲ. ಕಡಲ ಬದಿಯ ನಮ್ಮಂಥವರಿಗೆ ಸರಕಾರ ಒಂದು ದಾರಿ ಮಾಡಲಿ ಎಂದು ಅಮ್ಮನಲ್ಲಿ ದಿನಾ ಕೇಳುತ್ತೇನೆ. ಅದು ಯಾವಾಗ ಆಗುತ್ತದೋ ಅವಳಿಗೇ ಗೊತ್ತು. ನನ್ನಿಂದ ಆದ ನಷ್ಟಕ್ಕೆ ಮಾತ್ರ ಯಾವ ಆಫೀಸಿನಲ್ಲೂ ಅರ್ಜಿ ಇರಲಿಲ್ಲ. ಅದನ್ನು ಅವಳೇ ನನ್ನಿಂದ ವಸೂಲು ಮಾಡಿದಳು.

ಕಳೆದ ಮಂಗಳವಾರ ಪ್ರಾರ್ಥನೆಗೆ ನಿಂತಿದ್ದೆ. ಹಿಂದಿನಿಂದ ಊರುಗೋಲಿನ ಸದ್ದು. ತಮ್ಮ ಬಂದು ನನ್ನ ಪಕ್ಕದಲ್ಲಿ ನಿಂತ. ವಿಮಲ ಚಪ್ಪಲಿ ಬಿಡುವ ಜಾಗದಲ್ಲೇ ಉಳಿದಳು, ಒಳಗೆ ಬರಲಿಲ್ಲ. ಅವಳ ಮೇಲೆ ನನಗೆ ದೂರಿಲ್ಲ. ಅರ್ಚಕರು ಹೂವು ಹಿಡಿದು, ತಿಳಿದೋ ತಿಳಿಯದೆಯೋ ಎನ್ನುವಲ್ಲಿಗೆ ಬಂದು, ನಾನು ಪ್ರತಿ ಸಲ ತಿದ್ದುವುದು ಅಭ್ಯಾಸವಾಗಿ ನನ್ನ ಕಡೆ ನೋಡಿದರು. ನಾನು ಬಾಯಿ ತೆರೆಯುವ ಮೊದಲೇ ತಮ್ಮ ಹೇಳಿದ.

"ತಿಳಿದೇ ಮಾಡಿದ್ದು ಭಟ್ರೆ. ಮುಗೀತು ಅಂತ ಅಮ್ಮನಿಗೆ ಹೇಳಿ."

ಅವರು ಹಾಗೆಯೇ ಹೇಳಿ ಹೂವು ಹಾಕಿದರು. ನಾವಿಬ್ಬರೂ ಕೈಮುಗಿದೆವು.