ಹನ್ನೊಂದನೇ ಬ್ಯಾಚು ಮತ್ತು ನಿಂಗಮ್ಮನ ಕತ್ತಿ

2022ರಲ್ಲಿ ನಾನು ಆಲೂರು ಕಡೆಯ ಒಂದು ಸಣ್ಣ ಕೃಷಿ ರಾಸಾಯನಿಕ ಘಟಕದಲ್ಲಿ ಕೆಮಿಸ್ಟ್. ಕಾಳುಮೆಣಸಿನ ಸೊರಗು ರೋಗಕ್ಕೆಂದು ನ್ಯಾನೊ ಸಿಲ್ವರ್ ದ್ರಾವಣದ ವಿಧಾನ ರೂಪಿಸಿದ್ದು ನಾನೇ. ಅದರ ಹೆಸರೆತ್ತಿದರೆ ಇವತ್ತಿಗೂ ಹೇಸಿಗೆಯಾಗುತ್ತದೆ.

ವಿಧಾನ ಕಷ್ಟದ್ದಲ್ಲ, ತಾಳ್ಮೆಯದು. ಐಸಿನಲ್ಲಿಟ್ಟ ಸೋಡಿಯಂ ಬೋರೋಹೈಡ್ರೈಡ್ ದ್ರಾವಣಕ್ಕೆ ಸಿಲ್ವರ್ ನೈಟ್ರೇಟ್ ಎಂಬ ಬೆಳ್ಳಿಯ ಲವಣದ ನೀರನ್ನು ಹನಿಹನಿಯಾಗಿ ಬಿಡಬೇಕು. ಲವಣದ ಬೆಳ್ಳಿ ಅತಿಸೂಕ್ಷ್ಮ ಕಣಗಳಾಗಿ ನೀರು ಹಳದಿಯಾಗುತ್ತದೆ. ಕಣಗಳು ಒಂದಕ್ಕೊಂದು ಅಂಟಿಕೊಂಡು ತಳ ಸೇರದಂತೆ ಪಿವಿಪಿ ಎಂಬ ಪಾಲಿಮರ್ ಹೊದಿಕೆ ಕೊಡಬೇಕು. ಅವಸರ ಮಾಡಿದರೆ ಬೂದು ಬಣ್ಣಕ್ಕೆ ತಿರುಗಿ ಕೆಡುತ್ತದೆ. ನನ್ನ ಬಾಟಲಿ ಆರು ತಿಂಗಳು ಹಳದಿಯಾಗಿಯೇ ನಿಂತಿತ್ತು. ಆ ಜಂಬದಲ್ಲಿ, ಪ್ರೊಡಕ್ಷನ್‌ನಿಂದ ಬಂದ ಬ್ಯಾಚುಗಳಿಗೆ ಬಣ್ಣ ನೋಡಿಯೇ ಸಹಿ ಹಾಕುತ್ತಿದ್ದೆ. ಕಣ ಇದೆಯೋ ಇಲ್ಲವೋ ಎಂದು ಹೇಳುವ ಸ್ಪೆಕ್ಟ್ರೋಮೀಟರ್ ಪಕ್ಕದ ಮೇಜಿನ ಮೇಲೇ ಇತ್ತು.

ಮೇ ತಿಂಗಳಲ್ಲಿ ಮಾಲೀಕರ ಜೊತೆ ವನಗೂರಿನ ಸಣ್ಣ ಬೆಳೆಗಾರ್ತಿ ನಿಂಗಮ್ಮನ ತೋಟಕ್ಕೆ ಡೆಮೊಗೆ ಹೋದೆ. ಆಕೆಯ ಇನ್ನೂರು ಬಳ್ಳಿಯಲ್ಲಿ ಅರ್ಧ ಹಿಂದಿನ ಮಳೆಗಾಲದಲ್ಲೇ ಸೊರಗಿ ಹೋಗಿದ್ದವು. ಉಳಿದ ನೂರನ್ನಾದರೂ ಉಳಿಸಿಕೊಳ್ಳಬೇಕೆಂಬುದು ಆಕೆಯ ಆಸೆ. ಮಾಲೀಕರು ಹನ್ನೊಂದನೇ ಬ್ಯಾಚಿನ ಕ್ಯಾನನ್ನು ಡ್ರಮ್ಮಿನ ನೀರಿಗೆ ಸುರಿದರು. ಬುಡಕ್ಕೆ ಹೊಯ್ಯುವ ಮುಂಚೆ ನಿಂಗಮ್ಮ ಕತ್ತಿಯನ್ನು ಮರಳಲ್ಲಿ ಉಜ್ಜಿ ಡ್ರಮ್ಮಿಗೆ ಅದ್ದಿದಳು. ಮೈಲುತುತ್ತ ಎಂಬ ತಾಮ್ರದ ಲವಣಕ್ಕೆ ಸುಣ್ಣ ಬೆರೆಸಿ, ಬಳ್ಳಿಯ ರೋಗಕ್ಕೆ ಬೋರ್ಡೋ ದ್ರಾವಣ ಮಾಡುವವರ ರೂಢಿ ಅದು. ಕಬ್ಬಿಣಕ್ಕೆ ತಾಮ್ರ ಹಿಡಿದರೆ ಸುಣ್ಣ ಸಾಲದು, ಬಳ್ಳಿ ಸುಡುತ್ತದೆ ಎಂದರ್ಥ.

ಮಾಲೀಕರು ನಕ್ಕರು. "ಇದು ನ್ಯಾನೊ ಕಣಮ್ಮ, ನಿನ್ ಮೈಲುತುತ್ತ ಅಲ್ಲ."

"ಏನಾರ ಇರ್ಲಿ ಕಣ್ರೀ, ನಂಗೆ ಕತ್ತಿ ಹೇಳ್ಬೇಕು," ಎಂದಳು. ಒಂದು ನಿಮಿಷ ಬಿಟ್ಟು ಮೇಲೆತ್ತಿದಾಗ ಅಲಗು ಕಪ್ಪಾಗಿತ್ತು.

ಹೊದಿಕೆಯ ಕಣಗಳು ಹೀಗೆ ನಿಮಿಷದಲ್ಲಿ ಕಬ್ಬಿಣಕ್ಕೆ ಹಿಡಿಯುವುದಿಲ್ಲ. ಹಿಡಿಯುವುದು ಕರಗಿದ ಬೆಳ್ಳಿಯ ಲವಣ, ಅದು ಎಳೆ ಬೇರನ್ನು ಸುಡುತ್ತದೆ. ಮಾಲೀಕರನ್ನು ಜೀಪಿನ ಹಿಂದಕ್ಕೆ ಕರೆದು, ಹಾಗಾದರೆ ಹಳದಿ ಎಲ್ಲಿಂದ ಬಂತು ಎಂದು ಕೇಳಿದೆ.

"ಲಡ್ಡುಗೆ ಹಾಕೋ ಬಣ್ಣ ಮಾರಾಯ. ಐಸು, ಹನಿ ಅಂತ ಕೂತ್ರೆ ಮಳೆನೇ ಬಂದ್ಬುಡ್ತದೆ. ನಿನ್ ಸಹಿ ಐತಲ್ಲ, ಸುಮ್ನಿರು."

ಥೂ ಎನಿಸಿತು. ಆತನ ಮೇಲೆ ಅರ್ಧ, ಉಳಿದರ್ಧ ನನ್ನ ಮೇಲೆ.

ನಿಂಗಮ್ಮ ಚೊಂಬು ಹಿಡಿದು ಕಾಯುತ್ತಿದ್ದಳು. "ಓದಿದೋರು ನೀವು. ಹೊಯ್ಲಾ, ಬ್ಯಾಡ್ವಾ?"

"ಬೇಡಮ್ಮ. ಬೇರು ಸುಟ್ಟುಹೋಗುತ್ತೆ. ಸಹಿ ಹಾಕಿದ್ದು ನಾನೇ, ನೋಡದೆ ಹಾಕಿದೆ."

ಆಕೆ ಬೈಯಲಿಲ್ಲ. ಕ್ಯಾನಿನ ಚೀಟಿಯನ್ನೇ ನೋಡಿದಳು. "ಇದ್ರ ಮೇಲೆ ಹನ್ನೊಂದು ಅಂತ ಬರ್ದೈತೆ. ಮಿಕ್ಕ ಹತ್ತು ಯಾರ್ ತೋಟಕ್ಕೋದ್ವು ಸಾರ್?"

ಅಂದೇ ಲ್ಯಾಬಿಗೆ ಬಂದು ಎತ್ತಿಟ್ಟಿದ್ದ ಹತ್ತೂ ಮಾದರಿಗಳನ್ನು ಯಂತ್ರಕ್ಕಿಟ್ಟೆ. ಆರರಲ್ಲಿ ಕಣವೇ ಇರಲಿಲ್ಲ. ಅವನ್ನು ಕೊಂಡವರಿಗೆಲ್ಲ, ಹೊಯ್ಯಬೇಡಿ ಎಂದು ಫೋನ್ ಮಾಡಿದೆ. ಮಗ್ಗೆ ಎಂಬ ಊರಿನ ರೈತರೊಬ್ಬರು, "ಹೊಯ್ದು ನಾಲ್ಕ್ ದಿನ ಆಯ್ತಲ್ಲ ಸಾರ್," ಎಂದರು.

ಆ ಕೆಲಸ ಬಿಟ್ಟೆ. ಸ್ಪೆಕ್ಟ್ರೋಮೀಟರಿನ ಗ್ರಾಫ್ ನೋಡದೆ ಈಗ ಸಹಿಗೆ ಪೆನ್ನು ಮುಟ್ಟುವುದಿಲ್ಲ. ವೃತ್ತಿ ಕಲಿಸಿದ ಪಾಠ ಇಷ್ಟೇ, ಅದನ್ನು ಕಲಿತದ್ದು ಮಗ್ಗೆಯವರ ಬಳ್ಳಿಗಳ ಮೇಲೆ.