ಮಂಗನಕೋಡು ನೋಡಲು ಕಂದಿಕೆರೆಗೆ

ತುರುವೇಕೆರೆಯಿಂದ ಬೆಳಗಿನ ಮೊದಲ ಬಸ್ಸು ಹಿಡಿದು ತಿಪಟೂರಿಗೆ ಹೊರಟೆ. ಟಿಕೆಟ್ಟಿಗೆ ಎರಡು ರೂಪಾಯಿ ಚಿಲ್ಲರೆ. ನಿಲ್ಲಲು ಜಾಗ ಸಿಕ್ಕಿದ್ದೇ ಪುಣ್ಯ, ಮಿಕ್ಕಿದ್ದೆಲ್ಲ ಕೊಬ್ಬರಿ ಮೂಟೆ. ಅಲ್ಲಿನ ಪಾರ್ಕಿನ ಮಾಲಿ ರಂಗಪ್ಪ ಕಾರ್ಡು ಬರೆಸಿದ್ದ: "ಮೇಡಮ್ಮೋರೆ, ಮಂಗನಕೋಡು ಸೊರಗ್ತಾ ಐತೆ, ಬೇಗ ಬನ್ನಿ."

ಮಂಗನಕೋಡು ಎಂದರೆ ಎಲೆಯಿಲ್ಲದ, ಬೆರಳು ದಪ್ಪದ ಹಸಿರು ಕೋಲು. ಕುರಿ ಕಾಯುವವರು ಉಪ್ಪು ಹಚ್ಚಿಕೊಂಡು ತಿಂದೂ ತಿಂದೂ ನಮ್ಮ ಕಡೆ ಅಪರೂಪವಾಗಿಬಿಟ್ಟಿತ್ತು. ಪಾರ್ಕೆಲ್ಲ ಕ್ರೋಟನ್ನು. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವ ನಾನು ಹಟ ಹಿಡಿದು ಒಂದು ಮೂಲೆಯನ್ನು ಕಾಡುಗಿಡಗಳಿಗೆಂದು ಬಿಡಿಸಿ, ಇದರ ಒಂದೇ ಒಂದು ಬುಡ ನೆಡಿಸಿದ್ದೆ. ಅದು ಸತ್ತರೆ ಆ ಮೂಲೆಗೂ ಕ್ರೋಟನ್ನೇ ಗತಿ.

ಹೋಗಿ ನೋಡಿದರೆ, ಅಯ್ಯೋ ದೇವರೇ! ಸುತ್ತ ಪಾತಿ, ಪಾತಿಯ ತುಂಬ ನೆನೆದ ತೆಂಗಿನ ಮಟ್ಟೆ. ಗಿಡದ ಬುಡ ಕೊಳೆತು ನಾರುತ್ತಿತ್ತು.

"ಏನಪ್ಪಾ ರಂಗಪ್ಪ ಇದು?"

"ಎರಡೊತ್ತೂ ನೀರು ಹಾಕಿವ್ನಿ ಕಣ್ರವ್ವ. ತೆಂಗಿನ ಸಸಿ ನೋಡ್ಕಂಡಂಗೆ ನೋಡ್ಕಂಡಿವ್ನಿ."

"ಅದಕ್ಕೇ ಸಾಯ್ತಿರೋದು!" ಎಂದೆ. ನನ್ನ ಬಾಯಿಗೆ ಬೀಗವಿಲ್ಲ. ಅವನ ಮುಖ ಸಣ್ಣದಾಯಿತು, ನನಗೂ ಬೇಜಾರಾಯಿತು. ಕೊಳೆತದ್ದನ್ನು ಕೊಯ್ದು ತೆಗೆದ ಮೇಲೆ ಗಟ್ಟಿಯಾಗಿ ಉಳಿದದ್ದು ಎರಡೇ ತುಂಡು.

"ನೀರಿಲ್ದೆ ಗಿಡ ಬದುಕೋದುಂಟಾ?" ಎಂದು ಅವನು ಒಂದೇ ಸಮ ರಾಗ ಎಳೆದ. "ಬಾ, ತೋರಿಸ್ತೀನಿ" ಎಂದು ಬಸ್ಸು ಹತ್ತಿಸಿದೆ. ಚಿಕ್ಕನಾಯಕನಹಳ್ಳಿಯಲ್ಲಿ ಇಡ್ಲಿ ತಿಂದು, ಬಸ್ಸು ಬದಲಾಯಿಸಿ ಕಂದಿಕೆರೆಯಲ್ಲಿಳಿದಾಗ ನೆತ್ತಿ ಸುಡುವ ಬಿಸಿಲು.

ಊರಾಚೆಯ ಗುಡ್ಡದಲ್ಲಿ ಆಡು ಮೇಯಿಸುತ್ತಿದ್ದ ಗೌರಮ್ಮ ಎಂಬಾಕೆ ಮುಳ್ಳಿನ ಪೊದೆ ಸರಿಸಿ ತೋರಿಸಿದಳು. ಬರೀ ಕಲ್ಲು, ನೀರು ನಿಲ್ಲದ ಗರಸು ಮಣ್ಣು, ನಡುವೆ ಮಂಗನಕೋಡು. ತುದಿಯಲ್ಲಿ ಪುಟ್ಟ ನೇರಳೆ ಹೂ ಬೇರೆ! ರಂಗಪ್ಪ ಕುಕ್ಕರುಗಾಲಿನಲ್ಲಿ ಕೂತ.

"ಅಲಲಲಾ, ಯಾರೂ ನೋಡ್ಕಳ್ದೆ ಹೆಂಗ್ ಬೆಳೆದೈತೆ!" ಎನ್ನುತ್ತಲೇ ಕಂಕುಳಲ್ಲಿದ್ದ ಗೋಣಿಚೀಲ ಬಿಚ್ಚಿದ.

"ಕೀಳ್ಬ್ಯಾಡ ಕಣಣ್ಣ" ಎಂದಳು ಗೌರಮ್ಮ. "ಈ ಗುಡ್ಡದಾಗೆ ಇರಾದೇ ಇದೊಂದು. ಮುಳ್ಳೊಳಗೆ ಐತೆ ಅಂತ ನನ್ನ ಆಡಿನ ಬಾಯಿಗೆ ಸಿಗದೆ ಉಳ್ಕಂಡೈತೆ."

ಸುಳ್ಳೇಕೆ ಹೇಳಲಿ, ಒಳಗೊಳಗೇ ನನಗೂ ಆಸೆಯಿತ್ತು. ರಂಗಪ್ಪ ತಲೆ ಕೆರೆದುಕೊಂಡು, ಗಿಡ ಬಿಟ್ಟು ಚೀಲಕ್ಕೆ ಗರಸು ತುಂಬಿದ. ವಾಪಸು ಬರುವಾಗ ಆ ಚೀಲಕ್ಕೂ ಲಗೇಜು ಕೊಡಿ ಎಂದು ಕಂಡಕ್ಟರು ಜಗಳಕ್ಕೆ ಬಂದ. "ಕಲ್ಲು ಸಾಗಿಸೋ ಟೀಚರ್ನ ಇವತ್ತೇ ನೋಡಿದ್ದು" ಎಂದು ಕೊನೆಗೆ ನಕ್ಕು ಸುಮ್ಮನಾದ.

ಸಂಜೆ ಪಾರ್ಕಿನಲ್ಲಿ ರಂಗಪ್ಪ ಮಟ್ಟೆ ಎತ್ತಿಹಾಕಿ, ಗರಸು ಸುರಿದು, ಎರಡೂ ತುಂಡುಗಳನ್ನು ಊರಿದ. ಸುತ್ತ ಮುಳ್ಳುಕೊಂಬೆ ಇಟ್ಟ.

"ಕೊಯ್ದ ಗಾಯ ಒಣಗೋವರೆಗೆ ಒಂದು ಹನಿ ನೀರೂ ಬೀಳಕೂಡದು" ಎಂದೆ.

"ನಿಮ್ಮಾಣೆ ಕಣ್ರವ್ವ, ಬೀಳಾಕೆ ಬುಡಾಕಿಲ್ಲ."

ನಾನು ಹತ್ತಿದ ತುರುವೇಕೆರೆ ಬಸ್ಸು ಪಾರ್ಕಿನ ಮುಂದೆ ಹಾಯುವ ಹೊತ್ತಿಗೆ ಪಟಪಟನೆ ಮಳೆ ಹಿಡಿಯಿತು. ಕಿಟಕಿಯ ಟಾರ್ಪಾಲು ಎತ್ತಿ ಇಣುಕಿದೆ. ರಂಗಪ್ಪ ತಾನು ತೊಪ್ಪೆಯಾಗಿ ನೆನೆಯುತ್ತ, ಆ ಎರಡು ತುಂಡುಗಳ ಮೇಲೆ ಕೊಡೆ ಹಿಡಿದು ಕೂತಿದ್ದ.